ಗುಡಿಸದ ಬೆಟ್ಟ

ನಮ್ಮ ವಿಶ್ವವಿದ್ಯಾಲಯ ಈ ಸೀಮೆಯಲ್ಲಿ ಎರಡು ಕಾಡಿನ ತುಂಡುಗಳನ್ನು ಅಭ್ಯಾಸಕ್ಕೆಂದು ಕಾಯ್ದುಕೊಂಡಿದೆ. ಒಂದು ಸಿದ್ದಾಪುರದ ಘಟ್ಟದಂಚಿನಲ್ಲಿ. ನಡುಮಧ್ಯಾಹ್ನವೂ ಸಂಜೆಯ ಹಾಗಿರುವ ಕಾನು. ಇನ್ನೊಂದು ಯಲ್ಲಾಪುರದಾಚೆ, ಬೇಸಿಗೆಗೆ ಎಲೆಯೆಲ್ಲ ಕಳಚಿ ನಿಲ್ಲುವ ಮತ್ತಿ, ನಂದಿ, ತೇಗದ ಕಾಡು. ಎರಡರ ಬಾಯಲ್ಲೂ ಒಂದೊಂದು ಹೆಂಚಿನ ಕಟ್ಟಡ. ಅದಕ್ಕೆ ಕ್ಷೇತ್ರ ಕೇಂದ್ರವೆಂದು ಹೆಸರು. ನಡುವೆ ಶಿರಸಿಯಲ್ಲಿ ನನ್ನ ಬಿಡಾರ. ಎರಡರ ಉಸ್ತುವಾರಿಯೂ ನನ್ನದೇ. ಉಸ್ತುವಾರಿ ಎಂದ ಕೂಡಲೇ ಜನ ಹುಲಿ, ಚಿರತೆ ಎಂದು ಕಣ್ಣರಳಿಸುತ್ತಾರೆ. ನಾನು ನೋಡುವುದು ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಿದೆಯೇ, ಬೆಳಿಗ್ಗೆ ಕಾಡಿಗೆ ಹೋದ ವಿದ್ಯಾರ್ಥಿಗಳು ಊಟದ ಹೊತ್ತಿಗೆ ತಿರುಗಿ ಬಂದರೇ, ಮಂಗನ ಕಾಯಿಲೆಯ ದಿನಗಳಲ್ಲಿ ಯಾರಾದರೂ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳದೆ ನುಗ್ಗಿದರೇ, ಬಚ್ಚಲಿಗೆ ಬಂದಿದ್ದ ಹಾವು ಹೊರಟಿತೇ, ಇಂಥವನ್ನು. ಹುಲಿಯ ಪಾಡು ಹುಲಿ ನೋಡಿಕೊಳ್ಳುತ್ತದೆ.

ನಾನು ಬನವಾಸಿಯ ಕಡೆಯವನು. ಮಾತು ಕಲಿತದ್ದು ಅಜ್ಜಿಯ ಬಾಯಿಂದ. ಮನೆಗೆ ಬಂದವರನ್ನು ಅವಳು ಕಟ್ಟೆಯ ಮೇಲೆ ಕೂರಿಸುವ ಮೊದಲೇ, "ಬರ್ರಿ. ಏನ್ ಕೆಲ್ಸಾ ಹಿಡ್ಕೊಂಡ್ ಬಂದೀರಿ, ಮೊದ್ಲ ಅದನ್ನ ಕೆಳಗಿಡ್ರಿ, ಆಮೇಲೆ ಚಾ ಕುಡ್ಯೂಣು" ಎನ್ನುತ್ತಿದ್ದಳು. ಹೊಟ್ಟೆಯಲ್ಲಿ ಮಾತಿಟ್ಟುಕೊಂಡು ಕುಡಿದ ಚಹಾ ಮೈಗೆ ಹತ್ತುವುದಿಲ್ಲ ಎಂಬುದು ಅವಳ ಶಾಸ್ತ್ರ. ಅದೇ ಶಾಸ್ತ್ರ ಕಟ್ಟಿಕೊಂಡು ನಾನು ಸಿದ್ದಾಪುರದ ಕಡೆಗೆ ಬಂದೆ. ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಇಲ್ಲ. ಅಷ್ಟರಲ್ಲೇ ಜನರ ರೀತಿ ಎಷ್ಟು ಬದಲಾಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಸಿದ್ದಾಪುರದ ನಮ್ಮ ಕಾನಿಗೆ ತಾಗಿದ ಹಾಗೆ ಒಂದು ಸೊಪ್ಪಿನ ಬೆಟ್ಟವಿದೆ. ಇಂಥ ಬೆಟ್ಟಗಳ ಮೇಲೆ ಇಲ್ಲಿಯ ರೈತರಿಗೆ ತಲೆಮಾರುಗಳ ಹಕ್ಕು. ಹಸಿ ಸೊಪ್ಪು ಕಡಿಯಬಹುದು, ಉದುರಿದ ಒಣ ಎಲೆ ಗುಡಿಸಿ ಒಯ್ಯಬಹುದು. ಆ ಒಣ ಎಲೆಗೆ ದರಕು ಎನ್ನುತ್ತಾರೆ. ಚಳಿ ಹಿಂದಾಗುವ ಹೊತ್ತಿಗೆ ಹೆಡಿಗೆ ಹೆಡಿಗೆ ದರಕು ಹೊತ್ತು ತಂದು ಕೂಡಿಟ್ಟುಕೊಂಡರೆ, ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುವುದಕ್ಕೆ ಅದೇ. ದನವೂ ಬೆಚ್ಚಗೆ, ಗೊಬ್ಬರವೂ ಆಯಿತು.

ನಮ್ಮ ಕೇಂದ್ರಕ್ಕೆ ಬಂದ ಒಬ್ಬ ಸಂಶೋಧಕಿಗೆ ಒಂದು ಪ್ರಶ್ನೆ ಹುಟ್ಟಿತು. ವರ್ಷವೂ ಗುಡಿಸುತ್ತ ಬಂದ ಬೆಟ್ಟವನ್ನು ಗುಡಿಸದೆ ಬಿಟ್ಟರೆ ನೆಲದಲ್ಲಿ ಏನಾಗುತ್ತದೆ, ಯಾವ ಸಸಿ ಏಳುತ್ತದೆ? ಬೆಟ್ಟದ ಹಕ್ಕುದಾರರು ಹತ್ತಿರದಲ್ಲೇ ಇದ್ದ ಒಬ್ಬ ಹಿರಿಯರು. ಸಣ್ಣ ಕೊಟ್ಟಿಗೆ, ಕೆಲವು ಮಲೆನಾಡು ಗಿಡ್ಡ ದನ. ಊರವರೆಲ್ಲ ಯಜಮಾನ್ರು ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅವರು ನನ್ನನ್ನು ಮಾಸ್ತರೇ ಎಂದರು. ನಾನು ಯಾರಿಗೂ ಒಂದಕ್ಷರ ಕಲಿಸಿದವನಲ್ಲ ಎಂದರೂ ಬಿಡಲಿಲ್ಲ. ನಾವು ಕೇಳಿದ್ದಕ್ಕೆ ಅವರು ನಿಂತ ನಿಲುವಿನಲ್ಲೇ ಒಪ್ಪಿಬಿಟ್ಟರು. ನಾವು ‘ಅಂತ’ ಎನ್ನುವ ಕಡೆಯಲ್ಲೆಲ್ಲ ಅವರ ಮಾತಿನಲ್ಲಿ ‘ಹೇಳಿ’.

"ಬಿಟ್ಟು ನೋಡಿ. ನಮ್ಮ ಅಪ್ಪಯ್ಯನೂ ಬಿಟ್ಟು ನೋಡಿದವ ಅಲ್ಲ, ನಾನೂ ಅಲ್ಲ. ಎಂತ ಆಗ್ತು ಹೇಳಿ ನನಗೂ ಗೊತ್ತಾಗ್ಲಿ."

"ಒಂದೆರಡು ವರ್ಷ ಅಷ್ಟೇ ಅಜ್ಜಾ," ಎಂದಳು ಸಂಶೋಧಕಿ. ಅಭ್ಯಾಸದ ಒಂದೆರಡು ವರ್ಷ ಎಂದರೆ ಹೇಗೆಂದು ಈ ಕೆಲಸದಲ್ಲಿದ್ದವರಿಗೆ ಗೊತ್ತು. ಅದು ಬೆಳೆಯುತ್ತ ಹೋಯಿತು. ಬೆಟ್ಟದಲ್ಲಿ ನಾಲ್ಕು ಕಾಲಿನ ಮೇಲೆ ಬಲೆ ಕಟ್ಟಿ, ಬೀಳುವ ಎಲೆ ಹಿಡಿದು ತೂಗಿದೆವು. ನೆಲದಲ್ಲಿ ಎಲೆ ಪಾದ ಮುಳುಗುವಷ್ಟಾಯಿತು. ಕಾಲಿಟ್ಟರೆ ಹಾಸಿಗೆಯ ಮೇಲೆ ನಡೆದ ಹಾಗೆ.

ಯಜಮಾನರು ಆಗಾಗ ಕೇಂದ್ರಕ್ಕೆ ಬರುತ್ತಿದ್ದರು. ಬಿಳಿ ಪಂಚೆ, ಹೆಗಲಿಗೊಂದು ಶಾಲು, ಗೇಟಿನಿಂದಲೇ ಕೂಗು: "ಮಾಸ್ತರು ಇದ್ರಾ?" ನಾನು ಓಡಿಹೋಗಿ ಕರೆತಂದು ಜಗುಲಿಯ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಅಡುಗೆಯವರಿಗೆ ಹೇಳಿ ಒಳ್ಳೆಯ ಕಾಫಿ ಮಾಡಿಸುತ್ತಿದ್ದೆ, ಡಿಕಾಕ್ಷನ್ ಗಟ್ಟಿ ಇರಬೇಕೆಂದು ನಾನೇ ನಿಂತು. ಮಾತೆಂದರೆ ಮಾತು. ಘಟ್ಟದ ಕೆಳಗಿಂದ ಬಂದ ಮಂಗಗಳು, ಸರಿಯಾಗಿ ಹಿಡಿಯದ ಮೊಬೈಲು, ಸ್ವರ್ಣವಲ್ಲಿ ಮಠಕ್ಕೆ ಹೋದಾಗ ಸಿಕ್ಕ ಹಳೆಯ ಗೆಳೆಯರು. ನಗಿಸಿ ನಗಿಸಿ ನನ್ನ ಹೊಟ್ಟೆ ನೋಯಿಸುತ್ತಿದ್ದರು. ಕಾಫಿ ಮುಗಿದ ಮೇಲೂ ಖಾಲಿ ಲೋಟ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂರುತ್ತಿದ್ದರು. ಆಮೇಲೆ, "ಹೂಂ, ಹಾಂಗಾದ್ರೆ..." ಎನ್ನುತ್ತಿದ್ದರು.

"ಇನ್ನೊಂದ್ ಲೋಟ ಕಾಫಿ ತರಸ್ಲೇನ್ರಿ?"

"ಬ್ಯಾಡ ಬ್ಯಾಡ. ಹಾಂಗಾದ್ರೆ ಹೊರಡ್ತೆ."

ಅವರು ಗೇಟು ದಾಟಿದ ಮೇಲೆ ಸಂಶೋಧಕಿ ಹೇಳುತ್ತಿದ್ದಳು, "ಸರ್, ಈ ಅಜ್ಜ ನಮ್ಮ ಕೇಂದ್ರದ ಮೇಲೆ ಇಟ್ಟ ಪ್ರೀತೀನ ನಮ್ಮ ವಿಭಾಗದವ್ರೂ ಇಟ್ಟಿಲ್ಲ." ನಾನು ಹೌದವ್ವಾ ಎಂದು ಹಿಗ್ಗುತ್ತಿದ್ದೆ.

ಜಗುಲಿಯಲ್ಲಿ ಅವರ ತಲೆಯ ಮೇಲೆಯೇ ಒಂದು ಬೋರ್ಡು ತೂಗುತ್ತಿತ್ತು: ಆವರಣದಲ್ಲಿ ತಂಬಾಕು, ಕವಳ ನಿಷೇಧ. ಕಂಬಗಳ ಬುಡವೆಲ್ಲ ಕೆಂಪಾಗಿ, ನೋಡಲು ಬಂದ ಮೇಲಿನವರು ಮುಖ ಕಿವುಚಿ ಹೋದ ಮೇಲೆ ವಿಶ್ವವಿದ್ಯಾಲಯದಿಂದ ಬಂದ ಬೋರ್ಡು. ನನಗೆ ಕವಳದ, ಎಂದರೆ ಎಲೆಯಡಿಕೆಯ, ಚಟವಿಲ್ಲ. ಮೊಳೆ ಹೊಡೆದು ತೂಗಹಾಕಿ ಮರೆತಿದ್ದೆ.

ಮುಂದೆ ಸಂಶೋಧಕಿಯ ಮೇಲಿನವರು ಒಂದು ತಕರಾರು ತೆಗೆದರು. ಗುಡಿಸದ ಬೆಟ್ಟದ ಲೆಕ್ಕ ಮಾತ್ರ ಇದ್ದರೆ ಏನು ಬಂತು, ಪಕ್ಕದಲ್ಲೇ ಗುಡಿಸಿದ ಬೆಟ್ಟವೂ ಇರಬೇಕಲ್ಲ, ಹೋಲಿಸುವುದು ಯಾವುದರ ಜೊತೆ? ಅದೂ ಕೂಲಿಯವರು ಗುಡಿಸಿದ್ದಲ್ಲ. ಊರ ರೈತ ತನ್ನ ರೂಢಿಯಂತೆ ಗುಡಿಸಿ ಒಯ್ದದ್ದಾಗಬೇಕು.

"ಅಜ್ಜನನ್ನೇ ಕೇಳೋಣವಾ ಸರ್? ಅರ್ಧ ಬೆಟ್ಟ ಮೊದಲಿನ ಹಾಗೇ ಗುಡಿಸಿಕೊಳ್ಳಿ ಅಂತ?"

"ಬ್ಯಾಡವ್ವಾ. ಇಡೀ ಬೆಟ್ಟಾ ಬಾಯಿಮಾತಿನ ಮ್ಯಾಲೆ ಬಿಟ್ಕೊಟ್ಟಾರ. ಈಗ ಬಂದು ಬೆನ್ನ ಬಗ್ಗಿಸಿ ಗುಡಿಸ್ರಿ ಅಂದ್ರ ಏನ್ ಚಂದ? ಕೊಟ್ಟ ಕೈನ್ನ ಮತ್ತ ಮತ್ತ ಜಗ್ಗಬಾರದು."

ಇದೂ ಅಜ್ಜಿಯದೇ ಮಾತು. ಹೇರೂರಿನ ಕಡೆಯೆಲ್ಲ ಸುತ್ತಿ ಬೇರೆ ಬೆಟ್ಟ ಹುಡುಕಿದೆವು. ಒಂದು ಕಡೆ ಗುಡಿಸುವುದನ್ನು ಯಾವಾಗಲೋ ಬಿಟ್ಟಿದ್ದರು, ಇನ್ನೊಂದು ಕಡೆ ಮಣ್ಣೇ ಬೇರೆ. ಒಂದು ಮಳೆಗಾಲ ಹೀಗೇ ಕಳೆಯಿತು. ಕಡೆಗೆ ಬೇರೆ ದಾರಿ ಕಾಣದೆ, ಸಂಕೋಚವನ್ನು ಜೇಬಿನಲ್ಲಿಟ್ಟುಕೊಂಡು ಒಂದು ಮಧ್ಯಾಹ್ನ ನಾನೊಬ್ಬನೇ ಯಜಮಾನರ ಮನೆಗೆ ಹೋದೆ. ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಅವರೇ ಬರುತ್ತಿದ್ದರಲ್ಲ, ಹೋಗುವ ಪ್ರಸಂಗ ಬಂದಿರಲಿಲ್ಲ.

ಮೆಟ್ಟಿಲ ಮೇಲೇ ಶುರುಮಾಡಿದೆ. "ಯಜಮಾನ್ರೇ, ಒಂದ್ ಮಾತು ಕೇಳೋದಿತ್ತು."

ಅವರು ಗಾಬರಿಯಾದವರಂತೆ ಕೈಯೆತ್ತಿದರು. "ತಡೀರಿ, ತಡೀರಿ. ಒಳಗೆ ಬರದ ಮುಂಚೆ ಎಂತ ಗಡಿಬಿಡಿ?" ಆಮೇಲೆ ಒಳಗೆ ತಿರುಗಿ, "ಹೋಯ್, ಮಾಸ್ತರು ಬೈಂದ್ರು, ಆಸರಿಗೆ ತಗಂಬಾ."

ನೀರು ಬೆಲ್ಲ ಬಂತು. ಮುರುಗಲ ಹಣ್ಣಿನ ಪಾನಕ ಬಂತು. ನಾನು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅವರು ಮಾತನ್ನು ಬೇರೆ ಕಡೆಗೆ ತಿರುಗಿಸಿದರು. ಕಡೆಗೆ ಅವರ ಹೆಂಡತಿ ಹಿತ್ತಾಳೆಯ ತಬಕು ತಂದು ನಡುವೆ ಇಟ್ಟರು. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಯಜಮಾನರು ಒಂದೆಲೆ ಎತ್ತಿ ತೊಡೆಗೆ ಒರೆಸಿ, ಅದರ ಬೆನ್ನಿಗೆ ಸುಣ್ಣ ಹಚ್ಚುತ್ತ, ನೆಮ್ಮದಿಯಿಂದ ಗೋಡೆಗೊರಗಿದರು.

"ಈಗ ಹೇಳಿ. ಎಂತ ಬಂದದ್ದು?"

ಹೇಳಿದೆ. ಅರ್ಧ ಬೆಟ್ಟ ಗುಡಿಸಬೇಕಾಗಿದೆ, ಮೊದಲು ನೀವು ಹೇಗೆ ಗುಡಿಸುತ್ತಿದ್ದಿರೋ ಹಾಗೇ, ದರಕು ಎಲ್ಲ ನಿಮ್ಮದೇ.

ಸುಣ್ಣದ ಬೆರಳು ಎಲೆಯ ಮೇಲೆ ನಿಂತುಬಿಟ್ಟಿತು. ಬಾಗಿಲಲ್ಲಿದ್ದ ಅವರ ಹೆಂಡತಿ ಜೋರಾಗಿ ನಕ್ಕುಬಿಟ್ಟರು.

"ಕೇಳಿದ್ರಾ? ಅವ್ರೇ ಮನೆ ಬಾಗಿಲಿಗೆ ಬಂದು ತಗಂಡು ಹೋಗಿ ಹೇಳ್ತಾ ಇದ್ದ್ರು!" ಆಮೇಲೆ ನನಗೆ, "ಇದನ್ನೇ ಕೇಳಲೆ ಹೇಳಿ ಇವ್ರು ಎಷ್ಟು ಸಲ ನಿಮ್ಮಲ್ಲಿಗೆ ಬೈಂದ್ರು ಗೊತ್ತಿದ್ದಾ ಮಾಸ್ತರೇ? ಹೋಪಾಗ ಇವತ್ತು ಕೇಳಿಯೇ ಬತ್ತೆ ಹೇಳದು. ಬಪ್ಪಾಗ ಹೊಟ್ಟೆ ತುಂಬ ಕಾಫಿ."

ನಾನು ಪಾನಕದ ಲೋಟ ಕೆಳಗಿಟ್ಟೆ. "ಮತ್ತ ಯಾಕ ಕೇಳ್ಲಿಲ್ರಿ ಯಜಮಾನ್ರೇ? ಅರ್ಧಾ ಒಯ್ರಿ ಅಂತಿದ್ವೆಲ್ಲ!"

"ಹೆಂಗೆ ಕೇಳದು? ನೀವು ಕವಳದ ತಬಕು ಮುಂದೆ ಇಡಲೇ ಇಲ್ಲೆ." ಅವರು ನಗುತ್ತಲೇ ಹೇಳಿದರು, ಆದರೆ ನನ್ನ ಮುಖ ನೋಡಲಿಲ್ಲ. "ಮನೆಯವ ತಬಕು ಇಟ್ಟ ಅಂದ್ರೆ, ನಿನ್ನ ಕೆಲಸ ಹೇಳು, ಕೇಳ್ತೆ ಅಂದಾಂಗೆ. ಅದರ ಮುಂಚೆ ಬಾಯಿಬಿಟ್ರೆ ಬೇಡಲೆ ಬಂದಾಂಗೆ ಆಗ್ತು. ನಾನೂ ನೋಡ್ದೆ. ಮಾಸ್ತರಿಗೆ ನಾನು ಎಂತಕ್ಕೆ ಬಂದೆ ಹೇಳಿ ಗೊತ್ತಿದ್ದು, ಕೊಡಲೆ ಮನಸ್ಸಿಲ್ಲೆ, ಬಾಯಲ್ಲಿ ಇಲ್ಲ ಹೇಳಲೆ ದಾಕ್ಷಿಣ್ಯ, ಅದ್ಕೇ ತಬಕು ಇಡ್ತಾ ಇಲ್ಲೆ ಹೇಳಿ ಮಾಡ್ಕಂಡೆ."

"ಅಯ್ಯೋ, ಅಲ್ಲೆ ಬೋರ್ಡ್ ಐತಲ್ರಿ, ಕವಳಾ ಹಾಕಬಾರದು ಅಂತ..."

"ಬೋರ್ಡು ಓದಿದ್ದೆ. ಅದು ಹುಡುಗ್ರಿಗೆ ಹೇಳಿ ತಿಳ್ಕಂಡೆ."

ಮೂವರೂ ನಕ್ಕೆವು. ನಗು ನಿಂತ ಮೇಲೆ ನಾನು, "ಆತು ಬಿಡ್ರಿ, ನಾಳಿಂದನ ಗುಡಿಸ್ರಿ" ಎಂದೆ. ಯಜಮಾನರು ಎದ್ದು, ಬನ್ನಿ ಎಂದು ಹಿಂದೆ ಕರೆದೊಯ್ದರು.

ಕೊಟ್ಟಿಗೆ ಚೊಕ್ಕವಾಗಿತ್ತು. ಮಗನ ಬೈಕು ನಿಂತಿತ್ತು, ಮೂಲೆಯಲ್ಲಿ ತೆಂಗಿನಕಾಯಿಯ ರಾಶಿ. ಗೋದಲಿಯಲ್ಲಿ ಹಳೆಯ ಗೋಣಿಚೀಲ. ಒಂದು ವರ್ಷ ದೂರದಿಂದ ದರಕು ತರಿಸಿದರಂತೆ. ಮರುವರ್ಷ ತರುವವರು ಸಿಗಲಿಲ್ಲ. ಮಳೆಗಾಲದ ಒದ್ದೆ ನೆಲದಲ್ಲಿ ನಿಂತು ದನಗಳ ಗೊರಸು ಹುಣ್ಣಾಯಿತು. ನಾನೇ ಹೋಗಿ ಕೇಳುತ್ತೇನೆಂದು ಮಗ ಎದ್ದು ನಿಂತಿದ್ದನಂತೆ. ಬಿಟ್ಟು ನೋಡಿ ಎಂದ ಬಾಯಿ ನನ್ನದು, ನೀನು ಹೋಗಬೇಡ ಎಂದು ಇವರೇ ತಡೆದರಂತೆ. ಕಡೆಗೆ ದನಗಳನ್ನು ಒಂದೊಂದಾಗಿ ಕೊಟ್ಟುಬಿಟ್ಟರು. ಕೊನೆಯ ಕೆಂಪು ಆಕಳು ಹೋದದ್ದು ಯಲ್ಲಾಪುರದ ಕಡೆ, ಷಡ್ಡಕರ ಮನೆಗೆ. ಹೋದ ಮಳೆಗಾಲದಲ್ಲಿ, ನಾವು ಅವರನ್ನು ಕೇಳುವುದು ಚಂದವಲ್ಲವೆಂದು ಊರೂರು ಸುತ್ತುತ್ತಿದ್ದಾಗ.

"ಈಗ ದರಕು ತಗಂಡು ಎಂತ ಮಾಡದು ಮಾಸ್ತರೇ? ಹಾಸದು ಯಾರಿಗೆ?"

ಅರ್ಧ ಬೆಟ್ಟವನ್ನು ಆ ವರ್ಷ ಕೂಲಿಯವರೇ ಗುಡಿಸಿದರು. ಸಂಶೋಧಕಿ ಕಣ್ಣೊರೆಸಿಕೊಂಡು ಒಪ್ಪಿದಳು. ತೂಗಿದ ಮೇಲೆ ಎಲೆಯನ್ನು ಬೆಟ್ಟದ ಬುಡದಲ್ಲಿ ರಾಶಿ ಹಾಕಿದೆವು. ಅದು ಅಲ್ಲೇ ನೆನೆದು ಕರಿಯಾಯಿತು.

ನನ್ನ ಮನಸ್ಸು ಸುಮ್ಮನಿರಲಿಲ್ಲ. ಯಲ್ಲಾಪುರದ ಕೇಂದ್ರಕ್ಕೆ ಹೊರಟ ಒಂದು ದಿನ ಯಜಮಾನರನ್ನು ಜೀಪಿನಲ್ಲಿ ಕೂರಿಸಿಕೊಂಡೆ. ಷಡ್ಡಕರ ಮನೆಗೆ ಬಿಡುತ್ತೇನೆ ಎಂದದ್ದು ಬಾಯಿಮಾತು. ಒಳಗೊಳಗೆ, ಆಕಳನ್ನು ತಿರುಗಿ ಕೊಡಿರೆಂದು ನಾನೇ ಕೇಳಿಬಿಡುವ ಲೆಕ್ಕಾಚಾರ. ಅವರಿಗೂ ಅದು ಗೊತ್ತಾಗಿತ್ತೇನೋ, ದಾರಿಯುದ್ದಕ್ಕೂ ಮಾತು ಕಡಿಮೆಯಿತ್ತು.

ಆಕಳು ಆ ಮನೆಯಲ್ಲಿ ಕರು ಹಾಕಿತ್ತು. ಯಜಮಾನರ ದನಿ ಕೇಳಿದ್ದೇ ಕಿವಿ ಮುಂದೆ ಮಾಡಿ, ಹಗ್ಗ ಬಿಗಿಯುವಷ್ಟು ಮುಂದೆ ಬಂತು. ಅವರು ಅದರ ಗಂಗೆದೊಗಲು ತುರಿಸುತ್ತ ನಿಂತರು. ಅದು ಕುತ್ತಿಗೆ ಎತ್ತಿ ಎತ್ತಿ ಕೊಟ್ಟಿತು.

"ಭಾವಾ, ನಿಂಗಳ ನೆನಪು ಇನ್ನೂ ಹೋಯ್ದಿಲ್ಲೆ ನೋಡಿ ಅದ್ಕೆ," ಎಂದರು ಷಡ್ಡಕರು. "ಮನೆ ಹುಡುಗ್ರಿಗೆಲ್ಲ ಇದ್ರ ಹಾಲೇ ಬೇಕಾಗ್ತು ಈಗ."

ನಾನು ಷಡ್ಡಕರ ಕಡೆ ತಿರುಗಿದೆ. "ಒಂದ್ ಮಾತು..." ಎನ್ನುವಷ್ಟರಲ್ಲಿ ಯಜಮಾನರ ಕೈ ನನ್ನ ತೋಳಿನ ಮೇಲೆ ಬಿತ್ತು. ಹಿಡಿಯಲಿಲ್ಲ, ಇಟ್ಟರು ಅಷ್ಟೇ. "ಮಾಸ್ತರು ಕರ ಚೊಲೋ ಇದ್ದು ಹೇಳ್ತಾ ಇದ್ದ್ರು," ಎಂದರು. ನಾನು ಹೌದು, ಕರು ಚಲೋ ಐತಿ ಎಂದೆ.

ತಿರುಗಿ ಬರುವಾಗ ಸಂಜೆಯ ಬಿಸಿಲು ಅಡ್ಡವಾಗಿ ಬೀಳುತ್ತಿತ್ತು. ಸುಮಾರು ದೂರ ಬಂದ ಮೇಲೆ ಅವರಾಗಿಯೇ ಮಾತಾಡಿದರು.

"ಅಲ್ಲಿ ಕಾಲಡಿಗೆ ಎಂತ ಹಾಕಿದ್ದ ನೋಡಿದ್ರಾ? ರಬ್ಬರ್ ಮ್ಯಾಟು. ನಾನು ಕೈಯಾಡಿಸಿ ನೋಡ್ದೆ. ಮೆತ್ತಗಿದ್ದು. ನೀರು ಹೊಯ್ದು ತೊಳೆದ್ರೆ ಆತು. ಗೊರಸೂ ಗುಣ ಆಯ್ದು."

"ಹೌದ್ರಿ?"

"ಹೌದು. ಚೊಲೋ ಆತು."

ಅದನ್ನು ಅವರು ನನ್ನ ಸಮಾಧಾನಕ್ಕೆ ಹೇಳಿದರೆಂದು ಗೊತ್ತಿತ್ತು. ರಸ್ತೆಯ ಎರಡೂ ಬದಿ ತೇಗದೆಲೆ ಉದುರಿ ಬಿದ್ದಿತ್ತು, ಜೀಪಿನ ಗಾಳಿಗೆ ಎದ್ದು ಮಗುಚುತ್ತಿತ್ತು. ಅವರು ಕಿಟಕಿಯಿಂದ ಅದನ್ನೇ ನೋಡುತ್ತ ಕೂತರು.

"ಸಾಗವಾನಿ ಎಲೆ ಹಾಸಲೆ ಬರ್ತಿಲ್ಲೆ ಮಾಸ್ತರೇ," ಎಂದರು. "ದೊರಗು. ದನದ ಮೈಗೆ ಚುಚ್ಚುತ್ತು."