ಪೆನ್‌ಡ್ರೈವ್ ಎಳೆದು ತಂದ ಮದುವೆ

ಸಾಗರ ಪೇಟೆಯ ಸುತ್ತಮುತ್ತ ಕೆಟ್ಟ ಕಂಪ್ಯೂಟರುಗಳು ನನ್ನ ಹೆಜ್ಜೆಯ ಸದ್ದಿಗೇ ಅರ್ಧ ರಿಪೇರಿಯಾಗುತ್ತವೆ ಎಂದರೆ ಕೆಲವರು ನಗುತ್ತಾರೆ. ನಗಲಿ. ಅವತ್ತು ಗಣಪಣ್ಣನ ಸ್ಟುಡಿಯೋಗೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೋದರೆ, ಅವನ ಕಂಪ್ಯೂಟರಿನಲ್ಲಿ ವಿಂಡೋಸ್ ಏಳುತ್ತಲೇ ಇರಲಿಲ್ಲ. ಒಳಗಿದ್ದದ್ದು ನಮ್ಮ ನೆಂಟರ ಹುಡುಗಿ ಸುಮಾಳ ಮದುವೆ ಫೋಟೋಗಳು; ಬೇರೆಲ್ಲೂ ಪ್ರತಿ ಇಲ್ಲ. ಸುಮಾ ಎದುರಿಗೇ ಕೂತಿದ್ದಳು.

“ಎಲ್ಲಾ ಹೋಯ್ತಾ ಮಾವ? ಇನ್ನೊಂದ್ಸಲ ಮದುವೆ ಆಗ್ಬೇಕಾ?”

“ಹಿನ್ನೀರಲ್ಲಿ ಬಸ್ ದಾಟಿಸೋ ತುಮರಿ ಲಾಂಚ್ ನಡುನೀರಲ್ಲಿ ಕೆಟ್ಟು ನಿಂತ್ರೆ ಮೇಲಿರೋ ಬಸ್ ಮುಳುಗ್ತದಾ? ಇನ್ನೊಂದು ಲಾಂಚ್ ಹೋಗಿ ಎಳ್ಕೊಂಡು ಬರ್ತದೆ,” ಎಂದು ಕೀ ಗೊಂಚಲಿನಲ್ಲಿದ್ದ ಪೆನ್‌ಡ್ರೈವ್ ಚುಚ್ಚಿದೆ. ಅದರಲ್ಲಿದ್ದ, ವಿಂಡೋಸಿನ ಹಾಗೇ ಕಂಪ್ಯೂಟರ್ ನಡೆಸಬಲ್ಲ ಲಿನಕ್ಸ್, ವಿಂಡೋಸನ್ನು ಎಬ್ಬಿಸುವ ಗೋಜಿಗೇ ಹೋಗದೆ ತಾನೇ ಎದ್ದು, ಡಿಸ್ಕ್ ತೆರೆದು, ಫೋಟೋಗಳನ್ನೆಲ್ಲ ಸಾಲಾಗಿ ಹರಡಿತು.

ಗಣಪಣ್ಣ ಕೈ ಮುಗಿದ. ನಾನು ಎದೆಯುಬ್ಬಿಸಿದೆ. ಸುಮಾಳ ಕಣ್ಣು ಮಾತ್ರ ಊಟದ ಫೋಟೋಗಳ ಹತ್ತಿರ ನಿಂತುಬಿಟ್ಟಿತು.

“ಮಾವ, ಮೊದಲ್ನೇ ಪಂಕ್ತೀಲೂ ನೀವೇ, ಕೊನೇ ಪಂಕ್ತೀಲೂ ನೀವೇ.”

ಲಿನಕ್ಸಿನಲ್ಲಿ ಒಂದು ಸಾಲು ಟೈಪ್ ಮಾಡಿದ್ದರೆ ಆ ಎರಡನೇ ಊಟ ಹೇಳಹೆಸರಿಲ್ಲದಂತೆ ಅಳಿಸಿಹೋಗುತ್ತಿತ್ತು. ಆದರೆ ಆ ಕೊನೇ ಪಂಕ್ತಿಯ ಫೋಟೋದಲ್ಲಿ ಹೋಳಿಗೆ ಕಂಡ ನನ್ನ ಮುಖಕ್ಕೆ ಎಂಥ ಕಳೆ ಬಂದಿತ್ತೆಂದರೆ, ಪಾಸ್‌ಪೋರ್ಟ್ ಫೋಟೋಗೆ ಅದನ್ನೇ ಕತ್ತರಿಸಿ ಕೊಡು ಎಂದು ಗಣಪಣ್ಣನಿಗೆ ಹೇಳಿದೆ.