ಚಪ್ಪಲಿಯನ್ನೂ ಬಿಡದೆ ಬರೆಯುವ ಟೈಪಕ್ಕ

ಬೆಳಗಿನ ಆರೂವರೆ. ನ್ಯಾಯಾಲಯದ ಗೇಟಿನ ಬೀಗ ಇನ್ನೂ ತೆಗೆದಿಲ್ಲ. ಕಾಂಪೌಂಡಿಗೆ ಆತುಕೊಂಡಿರುವ ತಗಡಿನ ಚಾವಣಿಯ ಕೆಳಗೆ, ಅರ್ಜಿ ಟೈಪಿಸಿಕೊಡುವ ಟೈಪಕ್ಕ ಆಗಲೇ ಮೇಜು ಒರೆಸುತ್ತಿದ್ದಾರೆ. ಯಜಮಾನರು ಸ್ಕೂಟರಿನಿಂದ ಟೈಪ್‌ರೈಟರ್ ಇಳಿಸಿ, ‘ಮಕ್ಕಳನ್ನೂ ಇಷ್ಟು ಹೊತ್ತಿಲ್ಲ ನಾನು’ ಎಂದು ದಿನವೂ ಹೇಳುವುದನ್ನೇ ಹೇಳಿ ಹೊರಡುತ್ತಾರೆ. ಇಷ್ಟು ಬೇಗ ಬರುವುದಕ್ಕೆ ಕಾರಣವಿದೆ. ಮನೆಯಲ್ಲಿ ಏಟು ತಿಂದ ಹೆಂಗಸರು ದೂರು ಬರೆಸಲು ಬರುವುದೇ ಈ ಹೊತ್ತಿಗೆ. ಜನ ಜಮಾಯಿಸಿದ ಮೇಲೆ ಅವರ ಬಾಯಿ ಕಟ್ಟಿಹೋಗುತ್ತದೆ.

ಇವತ್ತು ಮಾತ್ರ ಟೈಪಕ್ಕನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅವರು ಟೈಪಿಸಿದ ಜಾಮೀನು ಅರ್ಜಿಯೊಂದು ಹನ್ನೊಂದು ಗಂಟೆಗೆ ನ್ಯಾಯಾಧೀಶರ ಮುಂದೆ ಬರಲಿದೆ. ಗಂಡನ ತಲೆಗೆ ಬಾಣಲೆಯಿಂದ ಹೊಡೆದಳೆಂದು ಏಳು ತಿಂಗಳಿಂದ ಜೈಲಿನಲ್ಲಿರುವ ಹೊಲಿಗೆಯವಳ ಅರ್ಜಿ ಅದು. ಅವಳ ಐದು ವರ್ಷದ ಮಗಳು ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಜಾಮೀನು ಸಿಗದಿದ್ದರೆ ಮೊಕದ್ದಮೆ ಮುಗಿಯುವವರೆಗೂ ತಾಯಿ ಒಳಗೆ, ಮಗಳು ಹೊರಗೆ.

ಟೈಪಕ್ಕನದು ಇಪ್ಪತ್ತೆರಡು ವರ್ಷದ ಸರ್ವಿಸು. ದಿನಕ್ಕೆ ಹನ್ನೆರಡು ಅರ್ಜಿ, ಅದರಲ್ಲಿ ಮೂರೋ ನಾಲ್ಕೋ ಇಂಥ ಹೆಂಗಸರವು. ವಾರಕ್ಕೆರಡು ದಿನ ಉಚಿತ ಕಾನೂನು ನೆರವಿನ ವಕೀಲೆಯ ಜೊತೆ ಯಂತ್ರ ಹೊತ್ತು ಹೆಂಗಸರ ಜೈಲಿಗೆ ಹೋಗುತ್ತಾರೆ. ಹೇಳಿದ್ದನ್ನೆಲ್ಲ ಬಡಿದು, ಗಟ್ಟಿಯಾಗಿ ಓದಿ, ‘ನಾನು ಏನು ಬಿಟ್ಟೆ ಹೇಳು’ ಎಂದು ಕೇಳುತ್ತಾರೆ. ಹೀಗೆ ಮೂರು ಸಲ ಕೇಳದೆ ಹಾಳೆ ಹೊರಗೆ ಬರುವುದಿಲ್ಲ. ವಕೀಲರು ತಲೆ ಚಚ್ಚಿಕೊಂಡರೂ ಇವರದು ಒಂದೇ ಹಟ.

ಈ ಹಟ ಸುಮ್ಮನೆ ಬಂದದ್ದಲ್ಲ. ಮೊದಮೊದಲು ಒಬ್ಬಾಕೆ ಬಂದು ಏಟುಗಳ ಪಟ್ಟಿ ಹೇಳಿ, ಗಂಡ ಹೊರಗೆ ಹೋಗುವಾಗ ನನ್ನ ಚಪ್ಪಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ ಎಂದೂ ಹೇಳಿದ್ದಳು. ಟೈಪಕ್ಕನಿಗೆ ಅದು ಚಿಲ್ಲರೆ ವಿಷಯವೆನಿಸಿ ಬಿಟ್ಟುಬಿಟ್ಟರು. ಕಟಕಟೆಯಲ್ಲಿ ಆಕೆಯ ಬಾಯಿಗೆ ಮೊದಲು ಬಂದದ್ದು ಚಪ್ಪಲಿಯೇ. ದೂರಿನಲ್ಲಿಲ್ಲದ ಕಟ್ಟುಕತೆ ಎಂದು ಎದುರು ವಕೀಲರು ಹಿಡಿದುಕೊಂಡರು, ದೂರು ಬಿದ್ದುಹೋಯಿತು. ಆಕೆ ಅದೇ ಮನೆಗೆ ವಾಪಸು ಹೋಗಬೇಕಾಯಿತು.

‘ಅವತ್ತು ನಂಗೆ ಅನ್ನ ಇಳೀಲಿಲ್ಲ,’ ಎನ್ನುತ್ತಾರೆ ಟೈಪಕ್ಕ. ‘ಯಾವ್ದು ದೊಡ್ಡದು, ಯಾವ್ದು ಸಣ್ಣದು ಅಂತ ಹೇಳೋಕೆ ನಾನ್ಯಾರು? ಅನುಭವಿಸಿದೋಳು ಅವಳು.’

ಎರಡು ವರ್ಷದ ಮೇಲೆ ಆಕೆ ಮತ್ತೆ ಬಂದು, ಚಪ್ಪಲಿ ಸಮೇತ ದೂರು ಬರೆಸಿ, ಗೆದ್ದಳು. ಈಗ ಕಷ್ಟದಲ್ಲಿರುವವರನ್ನು ಆಕೆಯೇ ಇಲ್ಲಿಗೆ ಅಟ್ಟುತ್ತಾಳೆ. ನನ್ನ ಚಪ್ಪಲಿ ಮರೆತವಳು ಅವಳು, ಇನ್ನು ಯಾರದ್ದೂ ಮರೆಯಲ್ಲ ಎಂದು ಹೇಳಿ ಕಳಿಸುತ್ತಾಳಂತೆ. ಇದನ್ನು ಹೇಳುವಾಗ ಟೈಪಕ್ಕನಿಗೆ ನಾಚಿಕೆಯೂ ಹೌದು, ನಗುವೂ ಹೌದು.

ಜೈಲಿನಲ್ಲಿ ಟೈಪಕ್ಕ ಮೂರನೇ ಸಲ ಕೇಳಿದಾಗ ಹೊಲಿಗೆಯವಳು ಹೇಳಿದ್ದು ಒಂದು ಚಿಲಕದ ಮಾತು. ಅಡುಗೆಮನೆ ಬಾಗಿಲಿಗೆ ಹೊರಗಡೆ ಚಿಲಕವಿತ್ತು, ಗಂಡ ದಿನವೂ ಅವಳನ್ನು ಒಳಗೆ ಹಾಕಿ ಹೋಗುತ್ತಿದ್ದ. ಅರ್ಜಿ ಉದ್ದವಾಯಿತು, ಆ ಸಾಲು ತೆಗೆಯಿರಿ ಎಂದು ವಕೀಲೆ ಹೇಳಿದರೂ ಟೈಪಕ್ಕ ಜಪ್ಪಯ್ಯ ಅನ್ನಲಿಲ್ಲ.

ಹನ್ನೆರಡಕ್ಕೆ ವಕೀಲೆ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬರುತ್ತಾರೆ. ನ್ಯಾಯಾಧೀಶರ ಕಣ್ಣು ನಿಂತದ್ದೇ ಆ ಸಾಲಿನ ಮೇಲಂತೆ. ಪೊಲೀಸರು ಆ ಮನೆಯಲ್ಲಿ ತೆಗೆದ ಫೋಟೊ ತರಿಸಿ ನೋಡಿದರೆ, ಬಾಗಿಲ ಹೊರಗೆ ಚಿಲಕ ಕಣ್ಣಿಗೆ ಹೊಡೆದ ಹಾಗಿದೆ. ಏಳು ತಿಂಗಳಿಂದ ಕಡತದಲ್ಲೇ ಇದ್ದ ಫೋಟೊ ಅದು! ಕೂಡಿಹಾಕುತ್ತಿದ್ದ ಎಂಬ ಮಾತು ಸುಳ್ಳಲ್ಲವೆಂದು ಜಾಮೀನು ಸಿಕ್ಕಿದೆ. ಟೈಪಕ್ಕ ಕೇಳುವುದು ಒಂದೇ, ‘ಸಂಜೆಯೊಳಗೆ ಬಿಡ್ತಾರಾ?’

ಬಿಡುತ್ತಾರೆ. ಐದು ಗಂಟೆಗೆ ಹೊಲಿಗೆಯವಳು ಮಗಳ ಕೈ ಹಿಡಿದು ನೇರ ಈ ಮೇಜಿನ ಹತ್ತಿರ ಬಂದು ಕೂರುತ್ತಾಳೆ. ಮಗು ಟೈಪ್‌ರೈಟರಿನ ಗಂಟೆ ಬಾರಿಸಿ ಬಾರಿಸಿ ನಗುತ್ತದೆ. ಟೈಪಕ್ಕನಿಗೆ ಹೊಟ್ಟೆ ತಣ್ಣಗಾಗಿದೆ, ಅದು ಮುಖದಲ್ಲೇ ಕಾಣುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಬೀದಿಯ ಕಡೆ ನೋಡುತ್ತಾರೆ. ‘ಒಂದು ಪುಟ್ಟ ಕೋಣೆ ಕೊಟ್ರೆ ಸಾಕು. ಇವರು ಹೇಳ್ಕೊಳ್ಳೋದು ಬೀದಿಗೆಲ್ಲ ಕೇಳಬಾರ್ದು. ಅದಕ್ಕೂ ಒಂದು ಅರ್ಜಿ ಹಾಕೋಣ ಅಂತಿದೀನಿ.’

ಹೊಲಿಗೆಯವಳು ತಲೆಯೆತ್ತುತ್ತಾಳೆ. ‘ಚಿಲಕ ಒಳಗಡೆ ಇರ್ಲಿ ಅಕ್ಕಾ.’

ಟೈಪಕ್ಕ ಹೊಸ ಹಾಳೆ ಸಿಕ್ಕಿಸುತ್ತಾರೆ. ‘ಬರ್ಕೊಂಡೆ ಕಣೇ. ಇನ್ನೇನು ಬಿಟ್ಟೆ, ಹೇಳು.’