ಸೊಟ್ಟ ಬಾಯಿಯ ಮನೆತನ

ಕೊಲ್ಲಿ ನಾಡಿನ ಅಲ್ ಹೈಲ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ಸ್ಕಾಟ್ಲೆಂಡ್ ಮೇಡಮ್ಮರ ಮೂಗಿನ ಸಿಪ್ಪೆ ವರ್ಷವಿಡೀ ಏಳುತ್ತಿತ್ತು. ಇಪ್ಪತ್ತು ವರ್ಷ ಕಳೆದರೂ ಆ ಬಿಳಿ ಚರ್ಮ ಇಲ್ಲಿನ ಬಿಸಿಲಿಗೆ ಒಗ್ಗಲಿಲ್ಲ. ಆದರೂ ಹ್ಯಾಟು ಹಾಕುವವರಲ್ಲ. "ನಲವತ್ತು ವರ್ಷ ಮಳೆಯಲ್ಲಿ ನೆನೆದವಳು, ಒಣಗಲಿ ಬಿಡಿ" ಎನ್ನುತ್ತಿದ್ದರು. ಅವರ ಇಂಗ್ಲಿಷು ನನಗೆ ಅರ್ಧಕ್ಕರ್ಧ ತಲೆಗೆ ಹತ್ತುತ್ತಿರಲಿಲ್ಲ. ಸುಮ್ಮನೆ 'ಯೆಸ್ ಯೆಸ್' ಎಂದು ತಲೆಯಾಡಿಸಿ, ಒಮ್ಮೆ ಅವರ ಬೆಕ್ಕನ್ನು ಹದಿನೈದು ದಿನ ನೋಡಿಕೊಳ್ಳಲು ಒಪ್ಪಿಬಿಟ್ಟಿದ್ದೆ!

ನಮ್ಮ ಮಗಳು ಹುಟ್ಟಿದಾಗ ಅವಳ ಮೇಲ್ದುಟಿ ಸೀಳಿತ್ತು. ಮೂರು ತಿಂಗಳು ಕಳೆದ ಮೇಲೆ ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಹೆಂಡತಿ ಕೇಳಬೇಕಲ್ಲ! ಬಸುರಿಯಾಗಿದ್ದಾಗ, ಗ್ರಹಣದ ಹೊತ್ತಿನಲ್ಲೇ, ಖುರುಮ್‌ನಲ್ಲಿರುವ ತನ್ನ ಆಫೀಸಿನಲ್ಲಿ ಯಾರದೋ ಬರ್ತ್‌ಡೇ ಕೇಕನ್ನು ಎಲ್ಲರಿಗೂ ಕತ್ತರಿಸಿ ಹಂಚಿದ್ದಳು. ಗ್ರಹಣದಲ್ಲಿ ಬಸುರಿ ಚೂರಿ ಹಿಡಿದರೆ ಮಗುವಿನ ತುಟಿ ಸೀಳುತ್ತದೆಂದು ಊರಲ್ಲಿ ಕೇಳಿ ಬೆಳೆದವಳು. "ನಾನೇ ಮಾಡಿದ್ದು ಮಾರಾಯ್ರೆ. ಅಮ್ಮನಿಗೆ ಎಂತ ಹೇಳುವುದು?" ಎಂದು ಅಳುತ್ತಿದ್ದಳು. ಉಡುಪಿಯಿಂದ ಅತ್ತೆ ಮಗುವನ್ನು ತೋರಿಸಿ ಎಂದರೆ, ಈ ದೇಶದಲ್ಲಿ ವಿಡಿಯೋ ಕಾಲ್‌ಗೆ ತಡೆ ಇದೆ ಎಂಬ ನೆಪ. ಮನೆಗೆ ಯಾರೇ ಬರಲಿ, ಮಗುವಿನ ಮುಖದ ಮೇಲೆ ಬಟ್ಟೆ. ಅವಳೂ ಆ ಮುಖವನ್ನು ಸರಿಯಾಗಿ ನೋಡುತ್ತಿರಲಿಲ್ಲ. ನಲವತ್ತು ದಿನವಾದರೂ ಹೆಸರಿಟ್ಟಿರಲಿಲ್ಲ. ನಾನಂತೂ ಸೋತು ಸುಣ್ಣವಾಗಿದ್ದೆ.

ಒಂದು ಸಂಜೆ ಮೇಡಮ್ ಸೂಪು ತಂದರು. ಮಗು ಒದ್ದಾಡಿ ಬಟ್ಟೆ ಜಾರಿತು. ಹೆಂಡತಿ ಮುಚ್ಚಹೋದಾಗ ಮೇಡಮ್ ಅವಳ ಕೈ ಹಿಡಿದುಕೊಂಡರು.

"ನನ್ನ ತಾಯಿಯ ಮನೆತನದ ಹೆಸರು ಕ್ಯಾಂಪ್‌ಬೆಲ್. ನಮ್ಮ ಹಳೆಯ ಭಾಷೆಯಲ್ಲಿ ಹಾಗೆಂದರೆ ಸೊಟ್ಟ ಬಾಯಿ. ಯಾವನೋ ಮುತ್ತಜ್ಜನಿಗೆ ಹಾಗಿತ್ತಂತೆ. ಈಗ ದೇಶ ತುಂಬ ನಾವೇ! ಬಾಗಿಲಿಗೆ ಬರೆಸುತ್ತೇವೆ, ಮಕ್ಕಳಿಗೂ ಇಡುತ್ತೇವೆ."

ಹೆಂಡತಿ ಕಣ್ಣೊರೆಸಿಕೊಂಡು, ಆ ಮುತ್ತಜ್ಜನ ತಾಯಿಯೂ ಗ್ರಹಣದಲ್ಲಿ ಏನಾದರೂ ಕತ್ತರಿಸಿದ್ದರಾ ಎಂದು ಕೇಳಿದಳು.

"ಗ್ರಹಣವಾ? ನಮ್ಮಲ್ಲಿ ಸೂರ್ಯ ಕಾಣುವುದೇ ಅಪರೂಪ. ಗ್ರಹಣ ಹಿಡಿದದ್ದು ಯಾರಿಗೆ ಗೊತ್ತಾಗುತ್ತದೆ?"

ಅಬ್ಬಾ, ಹೆಂಡತಿ ನಕ್ಕುಬಿಟ್ಟಳು! ಅದೇ ಸಂಜೆ ಯಾವುದೋ ಆ್ಯಪ್ ಹಾಕಿಸಿಕೊಂಡು ಅಮ್ಮನಿಗೆ ಮಗುವನ್ನು ತೋರಿಸಿದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಫೋನನ್ನು ಹತ್ತಿರ ಹಿಡಿದು ನೋಡಿದರು. ಆಮೇಲೆ, "ಎಂತ ಮಾರಾಯ್ತಿ, ಇಷ್ಟು ಚಂದದ ಕಣ್ಣು ಉಂಟು, ಯಾಕೆ ಅಡಗಿಸಿಟ್ಟದ್ದು?" ಎಂದು ಗದರಿದರು. ನನಗೆ ಹೋದ ಜೀವ ಬಂದಂತಾಯಿತು. ಮರುವಾರವೇ ಹೆಸರಿಟ್ಟೆವು.

ಆಪರೇಷನ್ ಚೆನ್ನಾಗಿಯೇ ಆಯಿತು. ಕೆಲವು ವರ್ಷದ ಮೇಲೆ ಮೇಡಮ್ ಕೆಲಸದಿಂದ ನಿವೃತ್ತರಾಗಿ ತಮ್ಮ ಊರಿಗೆ ಹೋದರು. ಕಳೆದ ತಿಂಗಳು, ಅವರು ತೀರಿಹೋದರೆಂದು ಅವರ ತಂಗಿ ಮೆಸೇಜು ಕಳಿಸಿದರು. ಹೆಂಡತಿ ಅಳುವುದನ್ನು ನೋಡಿ, ಈಗ ಶಾಲೆಗೆ ಹೋಗುವ ಮಗಳು, "ಹೂ ಡೈಡ್, ಅಮ್ಮಾ?" ಎಂದು ಕೇಳಿದಳು.

"ನಿನ್ನ ಮುಖ ನೋಡಲು ನನಗೆ ಕಲಿಸಿದವರು" ಎಂದಳು ಹೆಂಡತಿ.